ಹಸಿರು ಲೇಬಲ್ಲಿನ ರೆಕಾರ್ಡು

ನನ್ನ ಮಗಳಿಗೆ ಹೊಸ ಸಾಮಾನು ಅಂದರೆ ಅಷ್ಟಕ್ಕಷ್ಟೆ. ಔಷಧಿ ಅಂಗಡಿಯಲ್ಲಿ ಆರು ದಿನ ದುಡಿಯುತ್ತಾಳೆ, ಏಳನೆಯ ದಿನ ಹಳೇ ಸಾಮಾನಿನ ಸಂತೆಗೆ ಹೋಗಿ, ಕಂಡವರ ಮನೆಯಿಂದ ಹೊರಬಿದ್ದದ್ದನ್ನೆಲ್ಲ ನಮ್ಮ ಮನೆಗೆ ಹೊತ್ತು ತರುತ್ತಾಳೆ. ಹಿಡಿ ಮುರಿದ ಕಪ್ಪು, ಮುಳ್ಳಿಲ್ಲದ ಗಡಿಯಾರ, ಯಾರದೋ ಮದುವೆಯ ಫೋಟೋ. ಹೋದ ವರ್ಷ ಒಂದು ರೆಕಾರ್ಡ್ ಪ್ಲೇಯರ್ ತಂದಳು. ಅದಕ್ಕೆ ಜಾಗ ಮಾಡಲು ನನ್ನ ಹೊಲಿಗೆ ಯಂತ್ರ ಬಾಗಿಲ ಹಿಂದಕ್ಕೆ ಹೋಯಿತು. ಅವಳಪ್ಪ ಅವಳನ್ನು ಗುಜರಿ ರಾಣಿ ಅನ್ನುತ್ತಾರೆ. ನಾನು ಅನ್ನುವುದನ್ನು ಇಲ್ಲಿ ಬರೆಯುವ ಹಾಗಿಲ್ಲ.

ಆ ಭಾನುವಾರ ಮಧ್ಯಾಹ್ನ ಅವಳು ತಂದದ್ದು ಒಂದೇ ಒಂದು ರೆಕಾರ್ಡು. ನಡುವೆ ಹಸಿರು ಲೇಬಲ್. ಅದರ ಮೇಲೆ ‘ಶಾಲಾ ವ್ಯಾಯಾಮ: ತಾಳ ಮತ್ತು ಎಣಿಕೆ’ ಎಂದು ಅಚ್ಚಾಗಿತ್ತು. ನಮ್ಮದು ಎರಡು ಕೋಣೆಯ ಮನೆ, ಐದು ಜನ. ಮಾವ ಕಿಟಕಿ ಹತ್ತಿರದ ಕುರ್ಚಿಯಲ್ಲಿದ್ದರು, ಅತ್ತೆ ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಬೇಳೆ ಆರಿಸುತ್ತಿದ್ದರು, ನಮ್ಮವರು ಲಿಫ್ಟ್ ರಿಪೇರಿ ಕೆಲಸದಿಂದ ಬಂದು ಕಾಲು ಚಾಚಿ ಮಲಗಿದ್ದರು. ಏಳಿ ಅಪ್ಪ, ವ್ಯಾಯಾಮ ಮಾಡಿಸ್ತೀನಿ ಎಂದು ಮಗಳು ರೆಕಾರ್ಡು ಹಾಕಿದಳು.

ಒಂದು, ಎರಡು, ಮೂರು ಅನ್ನುವ ಗಂಡು ದನಿ ಬರಬೇಕಿತ್ತು. ಬಂದದ್ದು ಒಬ್ಬ ಮುದುಕಿಯ ದನಿ. ವಾದ್ಯವಿಲ್ಲ, ತಾಳವಿಲ್ಲ. ಸತ್ತ ಮಗನನ್ನು ಮುಂದೆ ಮಲಗಿಸಿಕೊಂಡು ಹಾಡಿ ಅಳುವ ಹಾಗೆ, ನಿನ್ನ ಚಪ್ಪಲಿ ಬಾಗಿಲಲ್ಲೇ ಇದೆ, ಮೆಟ್ಟಿಕೊಂಡು ಹೋಗಬಾರದೇನೋ ಎಂದು ಕೇಳುತ್ತಿದ್ದಳು. ನಮ್ಮವರು ಎದ್ದು ಕೂತರು.

“ತೆಗಿ ಅದನ್ನ,” ಎಂದರು ಮಾವ.

ನಮ್ಮ ಮಾವ ಇಪ್ಪತ್ತೆಂಟು ವರ್ಷ ರೆಕಾರ್ಡ್ ಕಾರ್ಖಾನೆಯಲ್ಲಿ ದುಡಿದವರು, ಕೊನೆಗೆ ಮೇಸ್ತ್ರಿಯಾಗಿ ಹೊರಬಂದವರು. ಆ ವಿಷಯ ಎತ್ತಿದರೆ ಸಾಕು, ಊಟ ತಣ್ಣಗಾಗುವ ತನಕ ಬಿಡುತ್ತಿರಲಿಲ್ಲ. ಕಬ್ಬಿಣದ ಎರಡು ಅಚ್ಚು, ನಡುವೆ ಕರೀ ಪ್ಲಾಸ್ಟಿಕ್ಕಿನ ಬಿಸಿ ಉಂಡೆ, ಅದರ ಮೇಲೊಂದು ಕೆಳಗೊಂದು ಲೇಬಲ್, ಆಮೇಲೆ ಉಗಿ. ಲೇಬಲ್ ಅಂಟಿಸೋದಲ್ಲ ಕಣಮ್ಮ, ಬೇಯಿಸೋದು, ಒಂದು ಸಲ ಕೂತರೆ ಮುಗೀತು, ಎಂದು ನನ್ನ ಮದುವೆಯಾದ ವಾರವೇ ಹೇಳಿದ್ದರು. ಅಂಥವರನ್ನು ಮಗಳು ತಾತಾ, ಇದು ನಿಮ್ಮ ಕಾರ್ಖಾನೇದಾ ಎಂದು ಕೇಳಿದರೆ, ಸಾವಿರ ಮಾಡಿದ್ವಿ, ಯಾವುದೂಂತ ನೆನಪಿಟ್ಕೊಳ್ಳಲಿ ಎಂದು ಮುಖ ಕಿಟಕಿಗೆ ತಿರುಗಿಸಿದರು. ಒಡಕು ಸಾಮಾನು ಮನೇಲಿ ಇರಬಾರದು, ಬಿಸಾಕು ಎಂದೂ ಸೇರಿಸಿದರು. ಅದು ಒಡೆದಿರಲಿಲ್ಲ.

ಅತ್ತೆ ತಲೆ ತಗ್ಗಿಸಿ ಬೇಳೆ ಆರಿಸುತ್ತಲೇ ಇದ್ದರು. ಆವತ್ತಿನ ಬೇಳೆಯಲ್ಲಿ ನನಗೆ ಮೂರು ಕಲ್ಲು ಸಿಕ್ಕವು. ಇಪ್ಪತ್ನಾಲ್ಕು ವರ್ಷದಲ್ಲಿ ಅತ್ತೆ ಆರಿಸಿದ ಬೇಳೆಯಲ್ಲಿ ನಾನು ಕಲ್ಲು ಕಂಡವಳಲ್ಲ.

ಬಿಸಾಕು ಅಂದರೆ ಬಿಡುವ ಪೈಕಿಯಲ್ಲ ನನ್ನ ಮಗಳು. ಸಂತೆಯವನನ್ನು ಹಿಡಿದು ಕೇಳಿದಳು. ಯಾವುದೋ ಶಾಲೆಯ ಉಗ್ರಾಣ ಖಾಲಿ ಮಾಡಿದಾಗ ಬಂದದ್ದು ಎಂದ. ಶಾಲೆಗೆ ಹೋದಳು. ಅಲ್ಲಿನ ಮುದಿ ಜವಾನ ನಕ್ಕು ನಕ್ಕು ಸುಸ್ತಾದನಂತೆ. ಅವನು ಕೆಲಸಕ್ಕೆ ಸೇರಿದ ವರ್ಷವೇ ನಡೆದದ್ದು: ಬೆಳಿಗ್ಗೆ ಮುನ್ನೂರು ಮಕ್ಕಳು ಮೈದಾನದಲ್ಲಿ ಕೈ ಮೇಲೆತ್ತಿ ನಿಂತಿವೆ, ಮೇಷ್ಟ್ರು ರೆಕಾರ್ಡು ಹಾಕಿದರೆ ಸಾವಿನ ಮನೆಯ ಹಾಡು. ಅರ್ಧ ಮಕ್ಕಳು ನಕ್ಕವು, ಅರ್ಧ ಅತ್ತವು. ಎಲ್ಲ ಶಾಲೆಗಳಿಂದಲೂ ರೆಕಾರ್ಡುಗಳು ಕಾರ್ಖಾನೆಗೆ ವಾಪಸು ಹೋದವು. ಇದೊಂದು ಹೇಗೋ ಕಪಾಟಿನ ಹಿಂದೆ ಬಿದ್ದು ಉಳಿದುಕೊಂಡಿತ್ತು.

ಮಗಳು ಇದನ್ನು ಊಟಕ್ಕೆ ಕೂತಾಗ ಹೇಳಿದಳು. ನಾವು ಮೂವರೂ ನಕ್ಕೆವು. ಮಾವ ಅರ್ಧ ಊಟಕ್ಕೇ ಎದ್ದು ಕೈ ತೊಳೆದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಆ ಗಾದೆ ನನಗೆ ಆಗ ಹೊಳೆಯಲಿಲ್ಲ. ವಯಸ್ಸಾಯಿತು, ಅಜೀರ್ಣ ಅಂದುಕೊಂಡು ಜೀರಿಗೆ ನೀರು ಕಾಯಿಸಿ ಕೊಟ್ಟೆ.

ಮುಂದಿನ ವಾರ ಅವಳ ಜೊತೆ ನಾನೂ ಹೊರಟೆ. ರೆಡಿಮೇಡ್ ಬಟ್ಟೆಯ ಕಾರ್ಖಾನೆಯಲ್ಲಿ ಕಾಜಾ ಹೊಲಿಯುವ ಕೆಲಸ ನನ್ನದು. ಆವತ್ತು ಕರೆಂಟ್ ಇಲ್ಲದೆ ರಜೆ ಕೊಟ್ಟಿದ್ದರು, ಮಗಳು ಅಂಗಡಿಗೆ ರಜೆ ಹಾಕಿದ್ದಳು. ಹಳೇ ರೆಕಾರ್ಡ್ ಕಾರ್ಖಾನೆ ಈಗ ಲಾರಿ ನಿಲ್ಲಿಸುವ ಜಾಗ. ಹಿಂದಿನ ಕಾರ್ಮಿಕರ ಸಾಲುಮನೆಗಳಲ್ಲಿ ಇನ್ನೂ ನಾಲ್ಕೈದು ಕುಟುಂಬ ಉಳಿದಿದ್ದವು. ಕಿವಿಯಮ್ಮನನ್ನು ಕೇಳಿ ಎಂದು ಎಲ್ಲರೂ ಒಂದೇ ಬಾಗಿಲು ತೋರಿಸಿದರು. ತಯಾರಾದ ರೆಕಾರ್ಡುಗಳಲ್ಲಿ ಐವತ್ತಕ್ಕೊಂದನ್ನು ಹಾಕಿ ಕೇಳಿ ಪಾಸು ಮಾಡುತ್ತಿದ್ದ ಹೆಂಗಸಂತೆ, ಅದಕ್ಕೇ ಆ ಹೆಸರು. ಕಿವಿ ಈಗಲೂ ಚೆನ್ನಾಗಿದೆ, ಮಂಡಿಯಿಂದ ಕೇಳಿಸಿಕೊಳ್ಳೋ ಹಾಗಿದ್ರೆ ತೊಂದರೆ ಆಗೋದು ಎಂದು ನಗುತ್ತಲೇ ನಮ್ಮನ್ನು ಕೂರಿಸಿ ಟೀ ಮಾಡಿಸಿದಳು. ನಾವು ಯಾರ ಮನೆಯವರು ಎಂದು ಅವಳು ಕೇಳಲಿಲ್ಲ, ನಾವು ಹೇಳಲಿಲ್ಲ.

ರೆಕಾರ್ಡನ್ನು ಕೈಗೆ ತೆಗೆದುಕೊಂಡವಳ ನಗು ನಿಂತುಹೋಯಿತು. ಇದೆಲ್ಲ ಪುಡಿಯಾಯ್ತು ಅಂದಿದ್ರಲ್ಲ ಎಂದಳು. ಲೇಬಲ್ಲಿನ ನಡುವಿನ ತೂತಿನ ಪಕ್ಕ ಬೆರಳಾಡಿಸಿದಳು. ಅಲ್ಲಿ ಸಾಸಿವೆಗಿಂತ ಸಣ್ಣ ಮೂರು ಕರೀ ಚುಕ್ಕೆಗಳು.

ಆ ಕಾರ್ಖಾನೆಯಲ್ಲಿ ಕೂಲಿ ಕೊಡುತ್ತಿದ್ದದ್ದು ರೆಕಾರ್ಡಿನ ಲೆಕ್ಕದಲ್ಲಿ. ಯಾರದು ಯಾವುದು ಎಂದು ಜಗಳ ಬರಬಾರದೆಂದು ಕೆಲಸಗಾರರೇ ಮಾಡಿಕೊಂಡ ಏರ್ಪಾಡು ಅದು: ಲೇಬಲ್ಲನ್ನು ಯಂತ್ರಕ್ಕೆ ಹಾಕುವ ಮೊದಲೇ ಸೂಜಿಯಲ್ಲಿ ಚುಚ್ಚುವುದು. ಒಬ್ಬೊಬ್ಬನಿಗೆ ಒಂದೊಂದು ಲೆಕ್ಕ. ಬೆಂದ ಮೇಲೆ ತೂತಿನೊಳಗಿಂದ ಕರೀ ಪ್ಲಾಸ್ಟಿಕ್ಕು ಉಬ್ಬಿ ಗುರುತು ನಿಲ್ಲುತ್ತಿತ್ತು. ವ್ಯಾಯಾಮದ ರೆಕಾರ್ಡು ಮುಗಿದು ಆ ಮುದುಕಿಯ ಹಾಡಿನ ಅಚ್ಚು ಏರಿಸಿದ ದಿನ, ಯಾರೋ ತಟ್ಟೆಯಲ್ಲಿದ್ದ ಹಳೇ ಲೇಬಲ್ ಬದಲಾಯಿಸುವುದನ್ನು ಮರೆತರು. ಹಾಗೆಯೇ ಐನೂರು ರೆಕಾರ್ಡು ಬೆಂದವು, ಆ ವಾರ ಕಿವಿಯಮ್ಮ ರಜೆಯಲ್ಲಿದ್ದದ್ದರಿಂದ ಯಾರೂ ಹಾಕಿ ಕೇಳದೆ ಹಾಗೆಯೇ ಶಾಲೆಗಳಿಗೆ ಹೋದವು. ಆವತ್ತಿನ ಕೆಲಸದ ಹಾಳೆಯಲ್ಲಿ ಎರಡು ಚುಚ್ಚಿನವನ ಹೆಸರಿತ್ತು. ಇಪ್ಪತ್ತೈದರ ಹುಡುಗ. ಕುಡಿದು ಕೆಲಸ ಮಾಡಿದ ಎಂದು ಬರೆದು ಹೊರಗೆ ಹಾಕಿದರು. ಅವನು ಬೇಡಿಕೊಂಡ, ಒಂದೇ ಒಂದು ರೆಕಾರ್ಡು ತಂದು ಚುಚ್ಚು ಎಣಿಸಿ ಎಂದ. ಅಷ್ಟರಲ್ಲಿ ವಾಪಸು ಬಂದದ್ದೆಲ್ಲ ಪುಡಿಯಾಗಿತ್ತು.

“ಹಾಳೆ ಬರೆದವನೂ ಅವನೇ, ಪುಡಿ ಮಾಡಿಸಿದವನೂ ಅವನೇ,” ಎಂದಳು ಕಿವಿಯಮ್ಮ. “ಮೂರು ಚುಚ್ಚಿನವನು. ಆಮೇಲೆ ಮೇಸ್ತ್ರಿ ಆದ. ಬೇರೆ ಯಾರೂ ಅಲ್ಲ, ಆ ಹುಡುಗನ ಅಕ್ಕನ ಗಂಡನೇ.”

ನನ್ನ ಕೈಯಲ್ಲಿದ್ದ ಟೀ ಕೆನೆಗಟ್ಟಿತು. ನಮ್ಮವರಿಗೆ ಒಬ್ಬ ಸೋದರಮಾವ ಇದ್ದದ್ದು ನನಗೆ ಗೊತ್ತಿತ್ತು. ಕುಡಿದು ಕೆಟ್ಟು ಎಲ್ಲೋ ಸತ್ತ ಎಂದು ಮನೆಯಲ್ಲಿ ಮಾತು. ಅದರ ಮೇಲೆ ಯಾರೂ ಬಾಯಿ ಬಿಡುವಂತಿರಲಿಲ್ಲ. ಆ ಹುಡುಗ ಏನಾದ ಎಂದು ಮಗಳು ಕೇಳಿದಳು. ಸತ್ತಿಲ್ಲವಂತೆ. ಅಕ್ಕನ ಮನೆಗೆ ಹೋದರೆ ಅಕ್ಕನೇ ಮುಖಕ್ಕೆ ಬಾಗಿಲು ಹಾಕಿದಳಂತೆ. ಮೂಟೆ ಹೊತ್ತ, ಕಾವಲು ಕಾದ, ಮದುವೆಯಾಗಲಿಲ್ಲ. ಈಗ ಶ್ವಾಸಕೋಶ ಹೋಗಿ ಧರ್ಮಾಸ್ಪತ್ರೆಯ ಗಂಡಸರ ವಾರ್ಡಿನಲ್ಲಿದ್ದಾನೆ. ಬಾಗಿಲಿನಿಂದ ನಾಲ್ಕನೇ ಮಂಚ. ಒಂದು ತಿಂಗಳು ಹೋದರೆ ಹೆಚ್ಚು ಎಂದಳು ಕಿವಿಯಮ್ಮ.

ಆವತ್ತು ಸಂಜೆ ರೊಟ್ಟಿ, ಆಲೂಗಡ್ಡೆ ಪಲ್ಯ. ಮಗಳು ರೆಕಾರ್ಡನ್ನು ತಂದು ಮಾವನ ತಟ್ಟೆಯ ಪಕ್ಕ ಇಟ್ಟಳು. ನಾನು ಬೇಡವೆಂದು ಕಣ್ಣು ಮಾಡಿದೆ, ನೋಡಲಿಲ್ಲ. ಕಿವಿಯಮ್ಮ ಹೇಳಿದ್ದನ್ನೆಲ್ಲ ಹೇಳಿ ಮುಗಿಸಿದಳು. ಮಾವ ರೊಟ್ಟಿ ಮುರಿಯುತ್ತಲೇ ಇದ್ದರು, ತಿನ್ನಲಿಲ್ಲ.

“ಹೌದು. ನಂದೇ ತಪ್ಪು. ಈಗೇನು ಮಾಡ್ಬೇಕು?”

“ಅಪ್ಪ, ಅವರು ಬದುಕಿದ್ದಾರೆ,” ಎಂದರು ನಮ್ಮವರು. ಆ ಸೋದರಮಾವನ ಹೆಗಲ ಮೇಲೆ ಕೂತು ಊರೆಲ್ಲ ಸುತ್ತಿದ ನೆನಪು ಅವರಿಗಿತ್ತು. ಆಗ ಅವರಿಗೆ ಒಂಬತ್ತು ವರ್ಷ.

“ನನಗೆ ಮೂರು ಮಕ್ಕಳು. ಅವನೊಬ್ಬನೇ. ನನ್ನ ಕೆಲಸ ಹೋಗಿದ್ರೆ ನೀನು ಲಿಫ್ಟ್ ಕೆಲಸ ಕಲೀತಿದ್ದೆಯಾ? ಬೀದೀಲಿ ಇರ್ತಿದ್ದೆ.”

“ಅಜ್ಜಿಗೂ ಸುಳ್ಳು ಹೇಳಿದ್ರಿ,” ಎಂದಳು ಮಗಳು. “ಅಜ್ಜಿ ಕೈಯಲ್ಲೇ ತಮ್ಮನ ಮುಖಕ್ಕೆ ಬಾಗಿಲು ಹಾಕಿಸಿದ್ರಿ.”

ಮಾವ ತಲೆ ಎತ್ತಿ ಅತ್ತೆಯನ್ನು ನೋಡಿದರು. ಅತ್ತೆ ಒಲೆ ಕಡೆ ತಿರುಗಿ ಮುಂದಿನ ರೊಟ್ಟಿ ತಟ್ಟುತ್ತಿದ್ದರು. ಆ ನೋಟವನ್ನು ನಾನು ನಾಚಿಕೆ ಎಂದು ಅರ್ಥ ಮಾಡಿಕೊಂಡೆ. ನಾನು ಬುದ್ಧಿವಂತೆ ಅಂತ ಯಾರು ಹೇಳಿದ್ದು?

ಅಲ್ಲಿಂದ ಮನೆ ಎರಡು ಪಾಲಾಯಿತು. ನಮ್ಮವರು ಅಪ್ಪನ ಜೊತೆ ಮಾತು ಬಿಟ್ಟರು. ಉಪ್ಪು ಬೇಕಾದರೂ ನನ್ನ ಮೂಲಕವೇ. ಮಗಳು ತಾತನ ಮಾತ್ರೆಗಳನ್ನು ಅಂಗಡಿಯಿಂದ ತಂದು ಮೇಜಿನ ಮೇಲೆ ಕುಕ್ಕಿ ಹೋಗುತ್ತಿದ್ದಳು, ಮೊದಲಿನ ಹಾಗೆ ಬಿಡಿಸಿ ಕೊಡುತ್ತಿರಲಿಲ್ಲ. ಅತ್ತೆಯ ಮೇಲೆ ಮಾತ್ರ ಎಲ್ಲರಿಗೂ ಕರುಣೆ ಉಕ್ಕಿತು. ಗಂಡನನ್ನು ನಂಬಿ ಒಡಹುಟ್ಟಿದವನನ್ನು ಕಳೆದುಕೊಂಡ ಹೆಂಗಸು. ಬೆಳಗಿನ ಮೊದಲ ಲೋಟ ಟೀ ಅವರಿಗೆ ಕೊಟ್ಟೆ. ಪಾತ್ರೆಗೆ ಕೈ ಹಾಕಲು ಬಿಡಲಿಲ್ಲ. ಒಂದು ಬೆಳಿಗ್ಗೆ ಅವರು ನನ್ನ ಕೈಯಿಂದ ಪಾತ್ರೆ ಉಜ್ಜುವ ನಾರು ಕಿತ್ತುಕೊಂಡು, ನನ್ನನ್ನ ಹೀಗೆ ನೋಡಬೇಡ, ನಂಗೆ ಹಿಡಿಸಲ್ಲ ಎಂದರು. ಸ್ವಾಭಿಮಾನ ಅಂದುಕೊಂಡೆ.

ಭಾನುವಾರ ಸಂತೆಗೆ ಹೋಗುವ ಬದಲು ಮಗಳು, ನಮ್ಮವರು, ನಾನು ಆಸ್ಪತ್ರೆಗೆ ಹೋದೆವು. ನಾಲ್ಕನೇ ಮಂಚದಲ್ಲಿ ಅತ್ತೆಯದೇ ಮೂಗು, ಅತ್ತೆಯದೇ ಗಲ್ಲ, ಮೈಯಲ್ಲಿ ಮಾಂಸವಿರಲಿಲ್ಲ. ನಮ್ಮವರನ್ನು ನೋಡಿ, ಯಾರು, ದೊಡ್ಡವನಾ, ತಲೆ ಬೋಳಾಯ್ತಲ್ಲೋ ಎಂದರು. ನಮ್ಮವರು ಮಂಚದ ಕಂಬಿ ಹಿಡಿದು ಅತ್ತುಬಿಟ್ಟರು. ಮಗಳು ರೆಕಾರ್ಡು ಕೊಟ್ಟಳು. ಅವರು ಬೆರಳಾಡಿಸಿ ಎಣಿಸಿದರು. ಒಂದು ಸಲ ಅಲ್ಲ, ಹತ್ತು ಸಲ. ಆಮೇಲೆ ಪಕ್ಕದ ಮಂಚದವರನ್ನೆಲ್ಲ ಕರೆದು, ಮುಟ್ಟಿ ನೋಡಿ, ಎಷ್ಟಿದೆ ಹೇಳಿ ಎಂದು ಅವರಿಂದಲೂ ಎಣಿಕೆ ಮಾಡಿಸಿದರು. ನಾನು ಕುಡಿದಿರಲಿಲ್ಲ ಎಂದು ವಾರ್ಡಿನ ಆಯಾಗೂ ಹೇಳಿದರು. ಅವಳು ಆಯ್ತಪ್ಪ ಎಂದಳು.

ಚುಚ್ಚುತ್ತಿದ್ದದ್ದು ಯಾರು ಎಂಬುದು ಅವರ ಬಾಯಿಂದಲೇ ಗೊತ್ತಾದದ್ದು. ಪಾಳಿಯಲ್ಲಿ ಸಮಯ ಸಾಲದೆಂದು ಮರುದಿನದ ಲೇಬಲ್ ಕಟ್ಟುಗಳನ್ನು ಮನೆಗೆ ತರುತ್ತಿದ್ದರಂತೆ. ಅಡುಗೆ ಮುಗಿಸಿ ಅಕ್ಕ ಕೂತು ಚುಚ್ಚುತ್ತಿದ್ದಳು. ಭಾವನಿಗೆ ಮೂರು, ತಮ್ಮನಿಗೆ ಎರಡು. ಅವ್ವ ಸತ್ತಾಗ ಅವರಿಗೆ ನಾಲ್ಕು ವರ್ಷ, ಎತ್ತಿ ಆಡಿಸಿ ಸಾಕಿದ್ದೇ ಅಕ್ಕ.

“ಅಕ್ಕನ ಮೇಲೆ ನಾನು ಒಂದು ದಿನವೂ ಕೋಪ ಮಾಡ್ಕೊಂಡಿಲ್ಲ,” ಎಂದರು. “ಅವಳಿಗೆ ಅಕ್ಷರ ಬರಲ್ಲ, ಪಾಪ. ಯಾವ ಲೇಬಲ್ ಯಾವುದು ಅಂತ ಅವಳಿಗೆ ಹೇಗೆ ಗೊತ್ತಾಗತ್ತೆ. ಅದನ್ನ ನೆನೆಸ್ಕೊಂಡೇ ಇಷ್ಟು ವರ್ಷ ಇದ್ದೆ. ಒಂದು ಸಲ ಅವಳನ್ನ ಕರ್ಕೊಂಡು ಬನ್ನಿ. ನೀನು ಕುಡಿದಿರಲಿಲ್ಲ ಅಂತ ಅವಳ ಬಾಯಲ್ಲಿ ಕೇಳಿ ಹೋಗ್ತೀನಿ.”

ಅತ್ತೆ ಬರಲೊಲ್ಲರು. ಮಂಡಿ ನೋವು ಎಂದರು. ಆಟೋ ತರಿಸುತ್ತೇವೆ ಎಂದರೆ ತಲೆಸುತ್ತು. ಅದು ಹೋದರೆ ನೆಗಡಿ. ಮಗಳಿಗೆ ಸಿಟ್ಟು ನೆತ್ತಿಗೇರಿತು. ತಾತ ಬೇಡ ಅಂದ್ರಾ ಎಂದು ಕೇಳಿದಳು. ಯಾರೂ ಏನೂ ಅಂದಿಲ್ಲ, ನನ್ನ ಪಾಡಿಗೆ ನನ್ನ ಬಿಡು ಎಂದರು ಅತ್ತೆ. ಎರಡನೇ ವಾರ ಆಯಾ ಫೋನ್ ಮಾಡಿ, ಬರೋದಿದ್ರೆ ಈಗಲೇ ಬನ್ನಿ ಎಂದಳು. ಅತ್ತೆ ಸೀರೆ ಬದಲಾಯಿಸಿ ಬಾಗಿಲಲ್ಲಿ ನಿಂತರು. ಮಾವ ಕುರ್ಚಿಯಿಂದಲೇ, ಹೋಗಿ ಏನು ಹೇಳ್ತೀಯ ಎಂದು ಕೇಳಿದರು. ಅತ್ತೆ ಚಪ್ಪಲಿ ಮೆಟ್ಟಿಕೊಂಡರು.

ವಾರ್ಡಿನಲ್ಲಿ ಅತ್ತೆಯನ್ನು ಕಂಡ ಕೂಡಲೇ ಅವರ ತಮ್ಮ ಎದ್ದು ಕೂರಲು ನೋಡಿದರು, ಆಗಲಿಲ್ಲ. ಅತ್ತೆ ಸ್ಟೂಲಿನ ಮೇಲೆ ಕೂತು ಅವರ ಪಾದ ಹಿಡಿದುಕೊಂಡರು. ಮಗಳು ನನ್ನ ಕೈ ಹಿಸುಕಿದಳು. ಅವಳ ಮುಖದಲ್ಲಿ ಏನೋ ಗೆದ್ದ ಸಂತೋಷ. ನನಗೂ ಅಷ್ಟೇ, ಸುಳ್ಳೇಕೆ ಹೇಳಲಿ.

“ಅಳಬೇಡ ಅಕ್ಕ. ನಿನಗೇನು ಗೊತ್ತಿತ್ತು. ಓದೋಕೆ ಬಂದಿದ್ರೆ ನೀನೇ ಬಂದು ಹೇಳ್ತಿದ್ದೆ.”

ತಲೆಯಾಡಿಸಿದ್ದರೆ ಸಾಕಿತ್ತು. ಬಾಯಿ ಬಿಡುವುದೂ ಬೇಕಿರಲಿಲ್ಲ. ಅತ್ತೆ ಎಷ್ಟೋ ಹೊತ್ತು ಆ ಪಾದವನ್ನೇ ನೋಡುತ್ತಿದ್ದರು.

“ಅದು ಹಸಿರಾಗಿತ್ತು,” ಎಂದರು.

“ಏನು?”

“ಲೇಬಲ್. ಆ ವಾರ ಹಸಿರು ಬಂದಿದ್ದು ಒಂದೇ ಕಟ್ಟು. ಅವರ ಚೀಲದಲ್ಲಿ ಬಂತು. ಎಲ್ಲದಕ್ಕೂ ನಾನೇ ಮೂರು ಮೂರು ಚುಚ್ಚಿದೆ. ನೀನು ಬಾಗಿಲಿಗೆ ಬಂದು ಹಸಿರು ಲೇಬಲ್ ಅಂದಿಯಲ್ಲ, ಆವಾಗಲೇ ಗೊತ್ತಾಯ್ತು.”

“ಗೊತ್ತಿದ್ದೂ ಬಾಗಿಲು ಹಾಕಿದ್ಯಾ?”

“ಮೂರು ಮಕ್ಕಳಿದ್ವು. ನೀನೊಬ್ಬನೇ ಇದ್ದೆ. ಹೇಗೋ ಬದುಕ್ಕೋತಾನೆ ಅಂದ್ಕೊಂಡೆ.” ಆಮೇಲೆ, “ನೀನು ಕುಡಿದಿರಲಿಲ್ಲ,” ಎಂದರು.

ಅವರು ಕೇಳಬೇಕೆಂದಿದ್ದ ಮಾತು ಅದೇ. ಕೇಳಿ, ಪಾದವನ್ನು ಅಕ್ಕನ ಕೈಯಿಂದ ಬಿಡಿಸಿಕೊಂಡರು. ಮಗ್ಗುಲು ಬದಲಾಯಿಸಲು ಆಯಾ ಬೇಕಾಗಿದ್ದ ಮನುಷ್ಯ, ತಾವೇ ಕಂಬಿ ಹಿಡಿದು ಗೋಡೆ ಕಡೆ ತಿರುಗಿದರು. ನಾವು ಒಂದು ಗಂಟೆ ಕಾದೆವು. ತಿರುಗಲಿಲ್ಲ.

ಆಟೋದಲ್ಲಿ ಮಗಳು ಯಾಕಜ್ಜಿ ಹೇಳಿದ್ರಿ, ಯಾಕೆ ಹೇಳಿದ್ರಿ ಎಂದು ಒಂದೇ ಸಮ ಕೇಳಿದಳು. ಸಾಯೋನ ಮುಂದೆ ಇನ್ನೊಂದು ಸುಳ್ಳು ಹೇಳಲಾ ಎಂದರು ಅತ್ತೆ. ಮಗಳು ಅಷ್ಟಕ್ಕೇ ಸುಮ್ಮನಾಗಲಿಲ್ಲ; ಹಾಗಿದ್ರೆ ಹೋಗಲೇಬಾರದಿತ್ತು ಎಂದಳು. ಹೋಗು ಹೋಗು ಅಂತ ಪ್ರಾಣ ತಿಂದೋರು ಯಾರು ಎಂದು ಅತ್ತೆ ಕೇಳಿದರು. ಆ ರಾತ್ರಿ ಮಗಳು ಊಟ ಮಾಡಲಿಲ್ಲ.

ಮಾರನೆಯ ದಿನದಿಂದ ಅತ್ತೆ ತಮ್ಮನಿಗೆ ಅಡುಗೆ ಮಾಡಲು ಶುರು ಮಾಡಿದರು. ಮೆತ್ತಗೆ ಬೇಯಿಸಿದ ಅನ್ನ, ತಿಳಿ ಬೇಳೆ, ಹಿಸುಕಿದ ಆಲೂಗಡ್ಡೆ. ಮಂಡಿ ನೋವು, ತಲೆಸುತ್ತು ಎಲ್ಲ ಎಲ್ಲಿ ಹೋದವೋ, ಮೂರು ಬೀದಿ ನಡೆದು ಹೋಗಿ ಹನ್ನೊಂದಕ್ಕೆ ಮಂಚದ ಪಕ್ಕ ಕೂರುತ್ತಿದ್ದರು. ಅವರ ತಮ್ಮ ಬಾಯಿ ತೆರೆಯುತ್ತಿರಲಿಲ್ಲ. ಆಸ್ಪತ್ರೆ ಗಂಜಿ ನಾಲ್ಕು ಚಮಚ ಕುಡೀತಾರೆ, ನಿಮ್ಮ ಡಬ್ಬಿ ಕಂಡ್ರೆ ಹಲ್ಲು ಕಚ್ಚಿಬಿಡ್ತಾರೆ, ಯಾಕಮ್ಮ ದಿನಾ ಬರ್ತೀರ ಎಂದು ಆಯಾ ಕೇಳಿದಳಂತೆ. ಡಬ್ಬಿ ತುಂಬಿದ್ದು ತುಂಬಿದ ಹಾಗೇ ವಾಪಸು ಬಂತು.

ಮೊದಲ ದಿನ ಅದನ್ನು ಹಿತ್ತಲ ನಾಯಿಗೆ ಹಾಕಲು ಹೊರಟೆ. ಅತ್ತೆ ನನ್ನ ಕೈಯಿಂದ ತೆಗೆದುಕೊಂಡು ಬಿಸಿ ಮಾಡಿ ಮಾವನ ತಟ್ಟೆಗೆ ಬಡಿಸಿದರು. ಇದೇನು ಸಪ್ಪೆ ಎಂದು ಮಾವ ಕೇಳಿದರು.

“ನನ್ನ ತಮ್ಮ ಬಿಟ್ಟಿದ್ದು,” ಎಂದರು ಅತ್ತೆ.

ಮಾವ ತಿಂದರು. ಎರಡನೇ ದಿನವೂ ಅದೇ, ಮೂರನೇ ದಿನವೂ ಅದೇ. ನಮಗೆ ಬೇರೆ ಅಡುಗೆ, ಅವರಿಗೆ ಡಬ್ಬಿ. ಗಂಡ ಹೆಂಡತಿ ನಡುವೆ ಒಂದು ಜಗಳ ಇಲ್ಲ, ಒಂದು ಕೆಟ್ಟ ಮಾತಿಲ್ಲ. ನೋಡಲಾರದೆ ನಾನೇ ಒಂದು ದಿನ ಮಾವನಿಗೆ ನಮ್ಮ ಪಲ್ಯ ಹಾಕಲು ಹೋದೆ. ಮಾವ ತಟ್ಟೆಗೆ ಕೈ ಅಡ್ಡ ಹಿಡಿದು, ಬೇಡಮ್ಮ, ಇರಲಿ ಎಂದರು. ಅವರು ದಿನದಿಂದ ದಿನಕ್ಕೆ ಬತ್ತುತ್ತಿದ್ದರು. ಉಪ್ಪು ತಿಂದವನು ನೀರು ಕುಡಿಯಬೇಕು, ನಿಜ. ಆದರೆ ಕುಡಿಯುವುದನ್ನು ಎದುರಿಗೆ ಕೂತು ನೋಡುವುದು ಸುಲಭವಲ್ಲ.

ಹನ್ನೆರಡನೇ ದಿನ ಅತ್ತೆಯ ಜೊತೆ ನಾನೂ ಹೋಗಿದ್ದೆ. ನಾಲ್ಕನೇ ಮಂಚದ ಹಾಸಿಗೆ ಮಡಚಿ ಇಟ್ಟಿದ್ದರು. ಆಯಾ ನಮ್ಮನ್ನು ಹೊರಗೆ ಕರೆದು ಹೇಳಿದಳು. ನಾನು ನಮ್ಮವರಿಗೆ ಫೋನ್ ಮಾಡಿದೆ. ಕೆಲಸ ಬಿಟ್ಟು ಓಡಿ ಬಂದು ಕಾಗದಪತ್ರಕ್ಕೆ ನಿಂತರು. ಅತ್ತೆ ಹಿಂದಿನ ಕೋಣೆಗೆ ಹೋಗಿ ತಮ್ಮನ ಮುಖ ನೋಡಿದರು, ಹೊದಿಕೆ ಸರಿ ಮಾಡಿದರು. ಡಬ್ಬಿ ಎತ್ತಿಕೊಂಡು, ನಡಿ, ಅವರಿಗೆ ಊಟದ ಹೊತ್ತಾಯ್ತು ಎಂದರು.

ಮನೆಯಲ್ಲಿ ಮಾವ ತಟ್ಟೆ ಮುಂದಿಟ್ಟುಕೊಂಡು ಕೂತಿದ್ದರು. ಅತ್ತೆ ಬಿಸಿ ಮಾಡಿ ಬಡಿಸಿದರು.

“ಇವತ್ತೂ ಮುಟ್ಟಲಿಲ್ವಾ?” ಎಂದರು ಮಾವ.

“ಇಲ್ಲ.”

ಮಾವ ಒಂದೊಂದೇ ತುತ್ತು ಕಲಸಿ ತಿಂದರು. ಹೇಳಿಬಿಡೋಣ ಎಂದು ನನ್ನ ಬಾಯಿಗೆ ಬಂದ ಮಾತನ್ನು ಅತ್ತೆ ಒಂದು ನೋಟದಲ್ಲಿ ತಡೆದರು. ತಟ್ಟೆ ಖಾಲಿಯಾಗುವ ತನಕ ಕಾದರು.

“ಬೆಳಿಗ್ಗೆ ಏಳಕ್ಕೆ ಹೋದನಂತೆ,” ಎಂದರು.

ಮಾವನ ಎಂಜಲು ಕೈ ಅಲ್ಲೇ ನಿಂತಿತು.

“ಡಬ್ಬೀಲಿ ಇನ್ನೂ ಸ್ವಲ್ಪ ಇದೆ. ಹಾಕ್ಲಾ?”

ನಮ್ಮ ಮಾವ ಅಳುವುದನ್ನು ನಾನು ಆವತ್ತೇ ನೋಡಿದ್ದು. ಅಳುತ್ತಲೇ ತಟ್ಟೆಯನ್ನು ಮುಂದಕ್ಕೆ ತಳ್ಳಿದರು. ಅತ್ತೆ ಡಬ್ಬಿ ಬಗ್ಗಿಸಿ, ತಳದಲ್ಲಿದ್ದದ್ದನ್ನೂ ಚಮಚದಲ್ಲಿ ಕೆರೆದು ಬಡಿಸಿದರು.